ಮಳೆ ಲಾಗ್‌ನಲ್ಲಿಲ್ಲ

ಎಫ್‌ಎಂ ಸ್ಟೇಷನ್ ನಡೆಸುವುದು ಆರ್‌ಜೆ ಎಂದು ನಂಬಿರುವ ಅಮಾಯಕರು ಒಮ್ಮೆ ಸ್ಟುಡಿಯೋದ ಕಂಪ್ಯೂಟರ್ ಪರದೆ ನೋಡಬೇಕು. ಅಲ್ಲಿ ಆಳುವವರು ಲಾಗ್ ಸಾಹೇಬರು. ಹಾಡಿಗೊಂದು ಬಣ್ಣ, ಜಿಂಗಲ್‌ಗೊಂದು ಬಣ್ಣ, ಜಾಹೀರಾತಿಗೊಂದು ಬಣ್ಣ. ಇಡೀ ದಿನ ಸೆಕೆಂಡಿನ ಲೆಕ್ಕದಲ್ಲಿ ಸಾಲುಗಟ್ಟಿ ನಿಂತಿರುತ್ತದೆ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಮೇಲೇರುತ್ತದೆ. ಆರ್‌ಜೆಯ ಮಾತಿಗೂ ಒಂದು ಸಾಲು ಇಟ್ಟಿರುತ್ತಾರೆ, ಇಲ್ಲವೆನ್ನಲಾಗದು. ಆದರೆ ಆತ ನಡುವೆ ಒಮ್ಮೆ ಕೆಮ್ಮಿದರೆ ಅದರ ದಂಡ ತೆರಬೇಕಾದದ್ದು ಹಾಡಿನ ಎರಡನೇ ಚರಣ. ಜಾಹೀರಾತಿನ ಕೂದಲೂ ಕೊಂಕುವುದಿಲ್ಲ.

ಲಾಗ್ ಸಾಹೇಬರ ಜನನ ಹಿಂದಿನ ದಿನವೇ ಆಗಿರುತ್ತದೆ. ಸೇಲ್ಸ್‌ನವರು ಜಾಹೀರಾತಿಗೆ ಟೈಮ್ ಬ್ಯಾಂಡ್ ಮಾರುತ್ತಾರೆ. ಟ್ರಾಫಿಕ್ ವಿಭಾಗದವರು (ಸಿಗ್ನಲ್ ಜಾಮ್‌ಗೆ ಇವರನ್ನು ಬೈಯಬೇಡಿ) ಸ್ಪಾಟ್‌ಗಳನ್ನು ಬ್ರೇಕ್‌ಗಳೊಳಗೆ ಮೊಳೆ ಹೊಡೆದು ಕೂರಿಸುತ್ತಾರೆ. ಮಿಕ್ಕ ಜಾಗಕ್ಕೆ ಸಾಫ್ಟ್‌ವೇರ್ ಹಾಡು ಸುರಿಯುತ್ತದೆ. ಅದರಲ್ಲೂ ಮಿಕ್ಕರೆ ಮಾತು. ಮೊದಲು ಪಾರ್ಕಿಂಗ್ ಕಟ್ಟಿ, ಉಳಿದ ಮೂಲೆಯಲ್ಲಿ ಅಡುಗೆಮನೆ ಹುಡುಕುವ ನಮ್ಮ ಬಿಲ್ಡರ್‌ಗಳಿಗೆ ಈ ವಾಸ್ತುಶಾಸ್ತ್ರ ಚೆನ್ನಾಗಿ ಅರ್ಥವಾದೀತು.

ಸಾಫ್ಟ್‌ವೇರ್‌ಗೆ ಸಂಸ್ಕಾರವಿಲ್ಲ ಎಂದು ಮಾತ್ರ ಯಾರೂ ಹೇಳಕೂಡದು. 1979ರಲ್ಲಿ ಅಮೆರಿಕದಲ್ಲಿ ಶುರುವಾದ ಆರ್‌ಸಿಎಸ್ ಕಂಪನಿಯ ‘ಸೆಲೆಕ್ಟರ್’ನಿಂದ ಹಿಡಿದು ಇವತ್ತಿನವರೆಗೆ ಈ ಕುಲದಲ್ಲಿ ಮಡಿ ಮೈಲಿಗೆ ಬಲು ಬಿಗಿ. ಒಬ್ಬನೇ ಗಾಯಕನ ಎರಡು ಹಾಡು ಬೆನ್ನು ಬೆನ್ನಿಗೆ ಬರಬಾರದು. ಎರಡು ಚಿನ್ನದಂಗಡಿಗಳು ಒಂದೇ ಬ್ರೇಕ್‌ನಲ್ಲಿ ಮುಖಾಮುಖಿ ಆಗಬಾರದು. ಬೀಗರನ್ನು ಕೂರಿಸುವಾಗಲೂ ನಾವು ಇಷ್ಟು ನಾಜೂಕು ಮಾಡುವುದಿಲ್ಲ. ಆದರೆ ನಾಡಿನ ದೊಡ್ಡ ನಟ ತೀರಿಕೊಂಡ ದಿನ ಗದ್ಗದ ಕಂಠದ ಶ್ರದ್ಧಾಂಜಲಿ ಮುಗಿದ ಕೂಡಲೇ ‘ಬನ್ನಿ, ಸಂಭ್ರಮಿಸಿ, ಒಂದು ಕೊಂಡರೆ ಒಂದು ಉಚಿತ’ ಎಂದು ಮಳಿಗೆಯೊಂದು ಕೂಗಿದರೆ? ಸಾಹೇಬರ ಪ್ರಕಾರ ಅದರಲ್ಲಿ ದೋಷವಿಲ್ಲ. ಸಾವಿಗೆ ಕೆಟಗರಿ ಕೋಡ್ ಕೊಟ್ಟವರ್ಯಾರು?

ಇನ್ನು ‘ಲೈವ್’ ಎಂಬ ಪವಾಡ. ಆರ್‌ಜೆ ತನ್ನ ಮಾತಿನ ತುಣುಕುಗಳನ್ನು ಮೊದಲೇ ರೆಕಾರ್ಡ್ ಮಾಡಿ ಲಾಗ್‌ಗೆ ತುಂಬುವುದನ್ನು ವಾಯ್ಸ್ ಟ್ರ್ಯಾಕಿಂಗ್ ಅನ್ನುತ್ತಾರೆ. ಗಂಟೆಗಟ್ಟಲೆ ನಡೆಯುವ ಶೋ, ಒಂದು ಕಾಫಿ ಆರುವುದರೊಳಗೆ ತಯಾರು. ನೀವು ಹೆಬ್ಬಾಳ ಫ್ಲೈಓವರ್ ಕೆಳಗೆ ಚಕ್ರ ಮುಳುಗುವಷ್ಟು ನೀರಿನಲ್ಲಿ ಸಿಕ್ಕಿಕೊಂಡಿರುತ್ತೀರಿ. ಆತ ‘ಏನ್ ಗುರು, ಸಖತ್ ಕ್ಲೈಮೇಟು, ಒಂದ್ ರೌಂಡ್ ಹೋಗ್ ಬನ್ನಿ’ ಅನ್ನುತ್ತಾನೆ. ಅವನನ್ನು ಬೈಯಬೇಡಿ. ಅಷ್ಟು ಹೊತ್ತಿಗೆ ಅವನೂ ನಿಮ್ಮ ಹಿಂದೆ ನಾಲ್ಕನೇ ಕಾರಿನಲ್ಲಿ ಕೂತು ಹಾರ್ನ್ ಒತ್ತುತ್ತಿರಬಹುದು.

ಇದು ನಗುವ ವಿಷಯ. ಸದಾ ಹಾಗಲ್ಲ. 2002ರ ಜನವರಿ 18ರ ನಡುರಾತ್ರಿ ಅಮೆರಿಕದ ನಾರ್ತ್ ಡಕೋಟಾದ ಮೈನಾಟ್ ಊರಿನ ಬಳಿ ಗೂಡ್ಸ್ ರೈಲು ಹಳಿ ತಪ್ಪಿ ಅಮೋನಿಯಾ ಮೋಡ ಊರ ಮೇಲೆ ಕವಿಯಿತು. ಜನ ಕತ್ತಲಲ್ಲಿ ರೇಡಿಯೋ ತಿರುಗಿಸಿದರು. ಊರಿನ ಆರು ವಾಣಿಜ್ಯ ಸ್ಟೇಷನ್‌ಗಳೂ ಒಂದೇ ಕಂಪನಿಯವು. ತಕ್ಷಣ ಎಚ್ಚರಿಕೆ ಬರಬೇಕಾದ ಕಡೆ ಎಂದಿನ ಕಾರ್ಯಕ್ರಮವೇ ನಡೆದಿತ್ತು. ಒಬ್ಬರು ಸತ್ತರು, ನೂರಾರು ಜನ ಆಸ್ಪತ್ರೆಯ ದಾರಿ ಹಿಡಿದರು. ತಪ್ಪು ಪೊಲೀಸರ ತುರ್ತು ಉಪಕರಣದ್ದೋ, ಕಂಪನಿಯದೋ ಎಂಬ ಜಗಳ ಆಮೇಲೆ ಬೇಕಾದಷ್ಟು ನಡೆಯಿತು. ಲಾಗ್ ಮಾತ್ರ ಆ ರಾತ್ರಿ ಒಂದು ಸೆಕೆಂಡೂ ತಪ್ಪಿದ್ದಿರಲಾರದು.

ಅದೇ ದೇಶದಲ್ಲಿ ಅದಕ್ಕೂ ಮುಂಚೆ, 1990ರ ದಶಕದ ಕೊನೆಯಲ್ಲಿ, ‘ಕ್ಯಾಶ್’ ಎಂಬ ಯಂತ್ರ ಬಂದಿತ್ತು. ಹೆಸರಿಡುವಾಗಲಾದರೂ ಯಾರೋ ಪ್ರಾಮಾಣಿಕರಿದ್ದರು. ಮಾತಿನ ನಡುವೆ ಉಸಿರೆಳೆಯುವ ಮೌನವನ್ನು ಕಿವಿಗೆ ತಿಳಿಯದಂತೆ ಕತ್ತರಿಸಿ ಕೂಡಿಟ್ಟು, ಅಷ್ಟು ಜಾಗದಲ್ಲಿ ಇನ್ನಷ್ಟು ಜಾಹೀರಾತು ತುರುಕುವುದು ಅದರ ಕೆಲಸ. ಅಲ್ಲಿನ ರೇಡಿಯೋದ ಮಾತಿನ ಮಲ್ಲ ರಶ್ ಲಿಂಬಾ ಕೂಡ ತನ್ನ ಉಸಿರು ಕದಿಯುತ್ತಿದ್ದಾರೆಂದು ಗೊಣಗಿದ. ನಮ್ಮವರಿಗೆ ಆ ಯಂತ್ರ ಬೇಡ. ಆರ್‌ಜೆಗಳು ಉಸಿರಾಡುವುದನ್ನು ಯಾವತ್ತೋ ಬಿಟ್ಟಿದ್ದಾರೆ.

ಉಸಿರಿಗೆ ಜಾಗವಿದ್ದ ಕಾಲವೂ ನಮ್ಮಲ್ಲಿತ್ತು. 1935ರಲ್ಲಿ ಮೈಸೂರಿನ ಪ್ರೊಫೆಸರ್ ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪುಟ್ಟ ಟ್ರಾನ್ಸ್‌ಮಿಟರ್ ಹಚ್ಚಿ ಬಾನುಲಿ ಶುರು ಮಾಡಿದರು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬಂದದ್ದೂ ಇದೇ ನಾಡಿನ ಬೆಂಗಳೂರಿಗೆ. ಎರಡಕ್ಕೂ ನಡುವೆ ಇದ್ದ ಆಕಾಶವಾಣಿಯನ್ನು ಕೇಳಿ ಬೆಳೆದವರಿಗೆ ಒಂದು ದೃಶ್ಯ ನೆನಪಿರಬಹುದು. ಕಾರ್ಯಕ್ರಮ ಬೇಗ ಮುಗಿದರೆ ಯಾರದೋ ವೀಣೆಯ ತುಣುಕು. ಟೇಪ್ ಕೈಕೊಟ್ಟರೆ ತುಸು ಮೌನ, ಬಳಿಕ ಉದ್ಘೋಷಕಿಯ ‘ಅಡಚಣೆಗಾಗಿ ವಿಷಾದಿಸುತ್ತೇವೆ’. ಡ್ಯೂಟಿ ಆಫೀಸರ್ ಅದನ್ನು ವರದಿಯಲ್ಲಿ ಬರೆದಿಡುತ್ತಿದ್ದರು.

ಖಾಸಗಿಯವರಲ್ಲೂ ವಿಷಾದ ಉಂಟು, ಯಾರ ಬಳಿ ಎಂಬುದಷ್ಟೇ ವ್ಯತ್ಯಾಸ. ಹತ್ತು ಸೆಕೆಂಡಿನ ಸ್ಪಾಟ್ ಒಂದು ಬಿದ್ದುಹೋದರೆ ಸಾಫ್ಟ್‌ವೇರ್ ರಾತ್ರಿಯೇ ಚಾಡಿ ಹೇಳುತ್ತದೆ, ಸೇಲ್ಸ್‌ನವರು ಕೈಮುಗಿದು ಹೋಗುತ್ತಾರೆ, ಅದು ಮಾರನೇ ದಿನ ಮರುಪ್ರಸಾರವಾಗಿ ಗ್ರಾಹಕನಿಗೆ ಪ್ರಮಾಣಪತ್ರವೂ ಸಲ್ಲುತ್ತದೆ. ಎರಡನೇ ಚರಣ ಕಳೆದುಕೊಂಡವರು ಇನ್ನೂ ಬಿಲ್ ಕಳಿಸಿಲ್ಲ.