ಅಸಲಿ ಪುಟ ಮೀಮಾಂಸೆ: ನಿಡಸೋಸಿ ಪಾಠ

ಮಂಗಳಾಚರಣೆ ಬರೆಯುವಾಗ ಕರೆಂಟು ಹೋಯಿತು. ಆದ್ದರಿಂದ ನೇರ ಪೂರ್ವಪಕ್ಷಕ್ಕೆ ಬರುತ್ತೇವೆ. ತಂತ್ರಾಂಶದ ಹೊಸ ಆವೃತ್ತಿ ಬಂದರೆ ಗೂಗಲ್ ಹೊಸ ಕೈಪಿಡಿಯನ್ನೇ ತೋರಿಸುತ್ತದೆ ಎಂಬುದು ಪೂರ್ವಪಕ್ಷ. ಇದರ ಖಂಡನೆ ನಡೆದದ್ದು ನಿಡಸೋಸಿಯ ಒಂದು ಬಾಡಿಗೆ ಖೋಲಿಯಲ್ಲಿ. (ಊರಲ್ಲಿ 1996ರಿಂದ ಹಿರಾಶುಗರ್ ಎಂಜಿನಿಯರಿಂಗ್ ಕಾಲೇಜಿದೆ; ಇಂಥ ಖಂಡನೆಗಳಿಗೆ ಬರವಿಲ್ಲ.) ಪೈಥಾನ್ ಕಲಿಯುತ್ತಿದ್ದ ನಮ್ಮ ಅಳಿಯ ಮೊದಲು ಸಿಕ್ಕ ಪುಟದಿಂದ ಒಂದು ಸಾಲು ಎತ್ತಿದ: ಪ್ರಿಂಟ್, ಪಕ್ಕದಲ್ಲಿ ಉದ್ಧರಣ ಚಿಹ್ನೆಯೊಳಗೆ 'ಶರಣು'. ಯಂತ್ರ ಶರಣಾಗಲಿಲ್ಲ, ತಪ್ಪು ತೋರಿಸಿತು. 2008ರಲ್ಲಿ ಬಂದ ಪೈಥಾನ್ 3ಕ್ಕೆ ಅಲ್ಲಿ ಕಂಸ ಬೇಕು. ಕಂಸ ಬೇಡವೆನ್ನುತ್ತಿದ್ದ ಪೈಥಾನ್ 2 ತೀರಿಕೊಂಡದ್ದು 2020ರ ಜನವರಿ 1ರಂದು. ಅಳಿಯ ಸತ್ತವರ ಮಾತು ಕೇಳಿದ್ದ.

ಕಾರಣ ಸರಳ. ಹಳೆಯ ಪುಟಕ್ಕೆ ವರ್ಷಾನುಗಟ್ಟಲೆ ಕಂಡಕಂಡವರು ಕೊಂಡಿ ಹಾಕಿರುತ್ತಾರೆ. ಯಾರ ಕಡೆ ಹೆಚ್ಚು ಬೆರಳೋ ಅವನೇ ದೊಡ್ಡವನು ಎಂಬುದು ಶೋಧಯಂತ್ರದ ನ್ಯಾಯ. ಹೊಸ ಪುಟ ನಿನ್ನೆ ಬಂದ ಸೊಸೆ.

ಗೋಕಾಕದಲ್ಲಿ ಕರದಂಟು ಕೊಂಡವರಿಗೆ ಮುಂದಿನದು ಸುಲಭ. ಎಲ್ಲ ಅಂಗಡಿಗಳೂ 'ಅಸಲಿ' ಎಂದರೆ ಗಿರಾಕಿ ಕಾಲಿಗೆ ಸಿಕ್ಕ ಅಂಗಡಿಗೆ ನುಗ್ಗುತ್ತಾನೆ. 2009ರ ಫೆಬ್ರವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಅಪರೂಪಕ್ಕೆ ಒಂದೇ ಪಂಕ್ತಿಯಲ್ಲಿ ಕೂತು 'ಕೆನಾನಿಕಲ್' ಎಂಬ ಗುರುತನ್ನು ಒಪ್ಪಿಕೊಂಡವು. ಪುಟದ ನೆತ್ತಿಯಲ್ಲಿ ಕಣ್ಣಿಗೆ ಕಾಣದಂತೆ ಬರೆಯುವ ಈ ಸಾಲಿನ ತಾತ್ಪರ್ಯ: 'ಅಸಲಿ ಅಂಗಡಿ ಅತ್ತ ಕಡೆ, ನಾನು ಗಳಿಸಿದ ಪುಣ್ಯವೂ ಅದಕ್ಕೇ.' ಬರೆಯಬೇಕಾದವನು ಹಳಬ, ಹೊಸಬನಲ್ಲ. ಉತ್ತರಾಧಿಕಾರಿಯನ್ನು ಹಿರಿಯರೇ ಹೆಸರಿಸಬೇಕೆಂದು ಮಠದ ಊರಾದ ನಿಡಸೋಸಿಯವರಿಗೆ ಬಿಡಿಸಿ ಹೇಳಬೇಕೆ?

ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ದತ್ತಸಂಚಯ ತಂತ್ರಾಂಶದವರು ಇನ್ನೂ ಜಾಣರು. ಚಾಲ್ತಿಯ ಕೈಪಿಡಿಗೆ ಆವೃತ್ತಿಯ ಸಂಖ್ಯೆಯೇ ಇಲ್ಲದ 'ಕರೆಂಟ್' ಎಂಬ ವಿಳಾಸ ಇಟ್ಟಿದ್ದಾರೆ. ಗೌಡರು ಬದಲಾದರೂ ಗೌಡರ ಮನಿ ಗೌಡರ ಮನಿಯೇ.

ಅವಸರದ ಪಂಡಿತರ ಒಂದು ಪಂಥವಿದೆ. ಹಳೆಯ ಪುಟಕ್ಕೆ 'ನನ್ನನ್ನು ಪಟ್ಟಿಯಿಂದ ತೆಗೆ' ಎಂಬ ನೋಇಂಡೆಕ್ಸ್ ಚೀಟಿ ಅಂಟಿಸುತ್ತಾರೆ. ಸಾಲದೆಂದು ರೋಬೋಟ್ಸ್ ಕಡತದಲ್ಲಿ ಯಂತ್ರಕ್ಕೆ ಪ್ರವೇಶವನ್ನೂ ನಿಷೇಧಿಸುತ್ತಾರೆ. ಮನೆಗೆ ಕೀಲಿ ಜಡಿದು, 'ಇಲ್ಲಿ ಯಾರೂ ಇಲ್ಲ' ಎಂದು ಒಳಗಿನ ಗೋಡೆಗೆ ಬರೆದ ಹಾಗೆ. ಒಳಗೆ ಬಾರದ ಯಂತ್ರ ಚೀಟಿ ಓದುವುದು ಹೇಗೆ? ಹಳೆಯ ವಿಳಾಸ ಪಟ್ಟಿಯಲ್ಲಿ ಉಳಿದರೂ ಉಳಿದೀತು.

ಇಷ್ಟಾಗಿಯೂ ಗೂಗಲ್ ಕೆನಾನಿಕಲ್ಲನ್ನು ಸಲಹೆಯಾಗಿ ಸ್ವೀಕರಿಸುತ್ತದೆಯೇ ಹೊರತು ಅಪ್ಪಣೆಯಾಗಿ ಅಲ್ಲ. ಈ ಹಟದ ಮೂಲ ಶೋಧಿಸುತ್ತ ಸಂಕೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಅಜ್ಜನೊಬ್ಬನಿಗೆ ಬೆಳಗಾವಿಯ ದಾರಿ ಕೇಳಿದೆವು.

"ಎನ್ನೆಚ್ ನಾಕ ಹಿಡದು ಸೀದಾ ಹೋಗ್ರಿ."

"ಅಜ್ಜಾರ, 2010ರಾಗ ಅದರ ನಂಬರ ನಲವತ್ತೆಂಟ ಆಗೇತ್ರಿ."

ಅಜ್ಜ ಎಲೆಗೆ ಸುಣ್ಣ ಸವರಿ, ಮಡಚಿ, ದವಡೆಗಿಟ್ಟುಕೊಂಡ.

"ಹಂಗಾರ ಮೊದಲ ಎನ್ನೆಚ್ ನಾಕಕ್ಕ ಹೋಗ್ರಿ. ನಲವತ್ತೆಂಟ ಎಲ್ಲೈತಿ ಅಂತ ಅಲ್ಲೆ ಯಾರನ್ನರ ಕೇಳ್ರಿ."