ಮಿತವ್ಯಯ ಪ್ರೊಸೆಸರ್ ಮೀಮಾಂಸೆ

ಕನ್ನಡದಲ್ಲಿ ಕಾವ್ಯಕ್ಕೆ ಕವಿರಾಜಮಾರ್ಗವಿದೆ, ಛಂದಸ್ಸಿಗೆ ಛಂದೋಂಬುಧಿಯಿದೆ, ವ್ಯಾಕರಣಕ್ಕೆ ಶಬ್ದಮಣಿದರ್ಪಣವಿದೆ, ದನಗಳ ಕಾಯಿಲೆಗೆ ಗೋವೈದ್ಯವೂ ಅಡುಗೆಗೆ ಸೂಪಶಾಸ್ತ್ರವೂ ಇವೆ. ಆದರೆ ಐವತ್ತು ಸಾವಿರ ರೂಪಾಯಿಯೊಳಗೆ ತನ್ನ ಮೊದಲ ಗೇಮಿಂಗ್ ಕಂಪ್ಯೂಟರನ್ನು ಬಿಡಿಭಾಗಗಳಿಂದ ಜೋಡಿಸಹೊರಟ ಪಿಯುಸಿ ವಿದ್ಯಾರ್ಥಿಯು ಯಾವ ಪ್ರೊಸೆಸರನ್ನು ಕೊಳ್ಳತಕ್ಕದ್ದು ಎಂಬ ವಿಷಯದಲ್ಲಿ ಮಾತ್ರ ಸುಮಾರು ಹನ್ನೆರಡು ಶತಮಾನಗಳ ಈ ಗ್ರಂಥಪರಂಪರೆ ತುಟಿ ಬಿಚ್ಚಿಲ್ಲ. ಪ್ರಸ್ತುತ ಪ್ರಬಂಧವು ಆ ಕೊರತೆಯನ್ನು ನೀಗಿಸಲು ಹೊರಟಿದೆ.

ಶಾಸ್ತ್ರಗ್ರಂಥವು ಮೊದಲಿಗೇ ಅನುಬಂಧ ಚತುಷ್ಟಯವನ್ನು, ಅಂದರೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ತಿಳಿಸಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯವು ಪ್ರೊಸೆಸರ್, ಎಂದರೆ ಕಂಪ್ಯೂಟರಿನ ಲೆಕ್ಕಾಚಾರವನ್ನೆಲ್ಲ ಹೊತ್ತಿರುವ, ಅಂಗೈಯಲ್ಲಿ ಅಡಗುವಷ್ಟು ಸಣ್ಣ ಚೌಕಾಕಾರದ ಚಿಪ್. ಪ್ರಯೋಜನವು ದ್ವಿವಿಧವಾಗಿದ್ದು, ಮನೆಯಲ್ಲಿ ಹೇಳತಕ್ಕ ವ್ಯಾವಹಾರಿಕ ಪ್ರಯೋಜನವು ವಿದ್ಯಾಭ್ಯಾಸ, ಪಾರಮಾರ್ಥಿಕ ಪ್ರಯೋಜನವು ಜಿಟಿಎ ಐದು. ಸಂಬಂಧವು ಹಣ ಕೊಡುವ ತಂದೆಗೂ ಅದನ್ನು ಖರ್ಚು ಮಾಡುವ ಮಕ್ಕಳಿಗೂ ಇರುವಂಥದು. ಅರಸ ಅರಿಕೇಸರಿಯ ಆಶ್ರಯದಲ್ಲಿ ಕವಿ ಪಂಪನಿಗೆ ಅಗ್ರಹಾರ ದಕ್ಕಿತು, ಈ ಕಾಲದ ಆಶ್ರಯದಾತನ ಬಳಿ ಮೊದಲು ಅಂಕಪಟ್ಟಿ ತೋರಿಸಬೇಕಾಗುತ್ತದೆ. ಇನ್ನು ಅಧಿಕಾರಿ, ಎಂದರೆ ಈ ಶಾಸ್ತ್ರವನ್ನು ಓದಲು ಅರ್ಹನಾದವನು, ಕೈಯಲ್ಲಿ ಹಣ ಕಡಿಮೆಯಿದ್ದು ತಲೆಯಲ್ಲಿ ಯೂಟ್ಯೂಬ್ ವಿಡಿಯೊಗಳು ಹೆಚ್ಚಾಗಿರುವವನು.

ಈಗ ಲಕ್ಷಣ. ಯಾವುದೇ ಲಕ್ಷಣವು ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿಂದ ಮುಕ್ತವಾಗಿರಬೇಕೆಂದು ತಾರ್ಕಿಕರು ಹೇಳುತ್ತಾರೆ. ‘ಕಡಿಮೆ ಬೆಲೆಯ ಪ್ರೊಸೆಸರೇ ಮಿತವ್ಯಯ ಪ್ರೊಸೆಸರ್’ ಎಂದರೆ ಅತಿವ್ಯಾಪ್ತಿ, ಅಂದರೆ ಸೇರಬಾರದವರೆಲ್ಲ ಪಂಕ್ತಿಯಲ್ಲಿ ಬಂದು ಕೂರುತ್ತಾರೆ. 2014ರಲ್ಲಿ ಪೆಂಟಿಯಂ ಹೆಸರಿನ ಇಪ್ಪತ್ತು ವರ್ಷಗಳ ನೆನಪಿಗಾಗಿ ಬಂದ ಪೆಂಟಿಯಂ ಜಿ3258 ಇದಕ್ಕೆ ನಿದರ್ಶನ. ಅಗ್ಗವಾಗಿದ್ದೂ ವೇಗವನ್ನು ಬೇಕಾದಂತೆ ಏರಿಸಿಕೊಳ್ಳಬಹುದಾಗಿದ್ದ ಅದನ್ನು ಬಡ ಗೇಮರುಗಳು ಕೊಂಡಾಡಿದರು, ಆದರೆ ಅದೇ ವರ್ಷ ಬಂದ ಫಾರ್ ಕ್ರೈ 4 ಎಂಬ ಆಟವು ಎರಡೇ ಕೋರ್ ಉಳ್ಳ ಆ ಪ್ರೊಸೆಸರಿನ ಮೇಲೆ ನಿಧಾನವಾಗಿ ನಡೆಯುವುದಿರಲಿ, ತೆರೆದುಕೊಳ್ಳಲೇ ಇಲ್ಲ. ‘ಈ ವರ್ಷ ಬಿಡುಗಡೆಯಾದ, ಕಡಿಮೆ ಬೆಲೆಯ’ ಎಂದು ತಿದ್ದಿದರೆ ಅವ್ಯಾಪ್ತಿ, ಏಕೆಂದರೆ ವರ್ಷಗಳು ಕಳೆದು ಬೆಲೆಯಿಳಿದ ಹಳೆಯ ಪೀಳಿಗೆಯ ಸಮರ್ಥರೆಲ್ಲ ಹೊರಗುಳಿಯುತ್ತಾರೆ. ‘ಕಡಿಮೆ ಬೆಲೆಗೆ ಎಲ್ಲ ಆಟಗಳನ್ನೂ ಅಲ್ಟ್ರಾ ಎಂಬ ಅತ್ಯುಚ್ಚ ಚಿತ್ರಗುಣದ ಸೆಟ್ಟಿಂಗಿನಲ್ಲಿ ಆಡಿಸುವಂಥದು’ ಎಂದರೆ ಶುದ್ಧ ಅಸಂಭವ, ಅಂದರೆ ಹಸುವಿಗೆ ಒಂಟಿ ಗೊರಸೆಂದು ಹೇಳಿದ ಹಾಗೆ. ಆದ್ದರಿಂದ ನಿರ್ದುಷ್ಟ ಲಕ್ಷಣವು ಹೀಗೆ: ಗ್ರಾಫಿಕ್ಸ್ ಕಾರ್ಡನ್ನು ಕಾಯಿಸದೆಯೂ, ಅದಕ್ಕೆಂದು ಇಟ್ಟ ಹಣವನ್ನು ಕಬಳಿಸದೆಯೂ ಇರುವುದು ಮಿತವ್ಯಯ ಪ್ರೊಸೆಸರ್.

ಕಾಯಿಸುವುದು ಎಂದರೇನು? ಪರದೆಯ ಮೇಲೆ ಮೂಡುವ ಪ್ರತಿಯೊಂದು ಚಿತ್ರಕ್ಕೆ ಫ್ರೇಮ್ ಎಂದು ಹೆಸರು. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದಕ್ಕೂ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್, 144 ಬೇಕಾದರೆ ಸುಮಾರು 6.9. ಅಷ್ಟರೊಳಗೆ ಶತ್ರು ಎಲ್ಲಿದ್ದಾನೆ, ಗುಂಡು ತಗುಲಿತೇ, ಗೋಡೆ ಬಿದ್ದಿತೇ ಎಂಬುದನ್ನೆಲ್ಲ ಪ್ರೊಸೆಸರ್ ಲೆಕ್ಕ ಹಾಕಿ, ಏನೇನನ್ನು ಬಿಡಿಸಬೇಕೆಂದು ಗ್ರಾಫಿಕ್ಸ್ ಕಾರ್ಡಿಗೆ ಹೇಳಬೇಕು, ಕಾರ್ಡು ಬಣ್ಣ ತುಂಬಬೇಕು. ಯಕ್ಷಗಾನದಲ್ಲಿ ಭಾಗವತರು ಪದ ಎತ್ತಿಕೊಡದೆ ವೇಷಧಾರಿ ಎಷ್ಟೇ ಗಟ್ಟಿಗನಾದರೂ ರಂಗದ ಮೇಲೆ ಸುಮ್ಮನೆ ನಿಲ್ಲಬೇಕಾಗುವಂತೆ, ಪ್ರೊಸೆಸರ್ ತಡಮಾಡಿದರೆ ದುಬಾರಿ ಕಾರ್ಡು ಕೈಕಟ್ಟಿ ನಿಲ್ಲುತ್ತದೆ. ಈ ಸ್ಥಿತಿಗೆ ಗೇಮರುಗಳು ಬಾಟಲ್‌ನೆಕ್ ಎನ್ನುತ್ತಾರೆ, ಮತ್ತು ತಮ್ಮ ಸೋಲುಗಳಿಗೆಲ್ಲ ಅದನ್ನೇ ಕಾರಣವಾಗಿ ಕೊಡುತ್ತಾರೆ. ಅಲ್ಟ್ರಾ ಸೆಟ್ಟಿಂಗಿನ ಹೊರೆ ಬಹುಮಟ್ಟಿಗೆ ಕಾರ್ಡಿನ ಮೇಲೆ ಬೀಳುತ್ತದೆ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಮುಂತಾದ, ಚಿತ್ರ ಹಗುರವಾಗಿದ್ದು ಫ್ರೇಮ್ ಹೆಚ್ಚು ಬೇಡುವ ಆಟಗಳಲ್ಲಿ ಹೊರೆ ಪ್ರೊಸೆಸರಿನ ಕಡೆ ವಾಲುತ್ತದೆ.

ಕವಿರಾಜಮಾರ್ಗವು ಕಾವ್ಯಕ್ಕೆ ದಕ್ಷಿಣ, ಉತ್ತರ ಎಂದು ಎರಡು ಮಾರ್ಗಗಳನ್ನು ಹೇಳುವಂತೆ ಈ ಶಾಸ್ತ್ರದಲ್ಲಿಯೂ ಇಂಟೆಲ್ ಮಾರ್ಗ, ಎಎಂಡಿ ಮಾರ್ಗ ಎಂದು ಎರಡಿವೆ. ಇಂಟೆಲ್ 1968ರಲ್ಲಿ, ಎಎಂಡಿ 1969ರಲ್ಲಿ ಹುಟ್ಟಿದವು. ಎರಡನ್ನೂ ಕಟ್ಟಿದವರು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಒಂದೇ ಮನೆಯಿಂದ ಹೊರಬಿದ್ದವರು, ಎರಡರ ಕೇಂದ್ರ ಕಚೇರಿಯೂ ಇಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಎಂಬ ಒಂದೇ ಊರಿನಲ್ಲಿದೆ. ಆದ್ದರಿಂದ ಇದನ್ನು ಮತಭೇದ ಎನ್ನುವುದಕ್ಕಿಂತ ದಾಯಾದಿ ಜಗಳ ಎನ್ನುವುದೇ ಯುಕ್ತ. ಇಬ್ಬರೂ ಬೆಂಗಳೂರಿನಲ್ಲಿ ದೊಡ್ಡ ವಿನ್ಯಾಸ ಕೇಂದ್ರಗಳನ್ನು ನಡೆಸುತ್ತಿದ್ದರೂ, ನಮ್ಮೂರಿನವರೆಂಬ ದಾಕ್ಷಿಣ್ಯಕ್ಕೆ ಅಲ್ಲಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗದು. ಶೇಕಡಾ 18ರ ಜಿಎಸ್‌ಟಿ ಎರಡು ಮಾರ್ಗದವರಿಗೂ ಸಮಾನ.

ಮಾರ್ಗಗಳ ನಡುವಿನ ಮೊದಲ ಶಾಸ್ತ್ರಾರ್ಥ ಕೋರುಗಳ ಸಂಖ್ಯೆಯ ಮೇಲೆ ನಡೆಯುತ್ತದೆ. ಕೋರ್ ಎಂದರೆ ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಘಟಕ, ಥ್ರೆಡ್ ಎಂದರೆ ಒಂದು ಕೋರಿಗೆ ಏಕಕಾಲಕ್ಕೆ ಒಪ್ಪಿಸಬಹುದಾದ ಕೆಲಸದ ಎಳೆ. ‘ಸ್ವತಂತ್ರ’ ಎಂಬ ಪದವನ್ನು ಇಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಎಎಂಡಿಯ ಎಫ್‌ಎಕ್ಸ್ ಪ್ರೊಸೆಸರುಗಳಲ್ಲಿ ಎಂಟು ಕೋರುಗಳಿವೆ ಎಂದು ಡಬ್ಬಿಯ ಮೇಲೆ ಬರೆದಿತ್ತು, ಆದರೆ ಒಳಗೆ ಎರಡೆರಡು ಕೋರುಗಳು ಜೋಡಿಯಾಗಿ ದಶಮಾಂಶ ಲೆಕ್ಕದ ಘಟಕವನ್ನು ಹಂಚಿಕೊಂಡಿದ್ದವು. ಒಂದೇ ಒಲೆಯ ಮೇಲೆ ಅಡುಗೆ ಮಾಡುವ ಎರಡು ಸಂಸಾರಗಳನ್ನು ಒಂದು ಕುಟುಂಬವೆಂದು ಎಣಿಸಬೇಕೇ ಎರಡೆಂದೇ ಎಂಬ ಈ ಪ್ರಶ್ನೆಯನ್ನು ಅಮೆರಿಕದ ಗ್ರಾಹಕರು ನ್ಯಾಯಾಲಯಕ್ಕೆ ಒಯ್ದರು, 2019ರಲ್ಲಿ ಎಎಂಡಿ 1 ಕೋಟಿ 21 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ರಾಜಿಯಾದ್ದರಿಂದ ಕೋರ್ ಎಂದರೇನೆಂಬ ತಾತ್ವಿಕ ಪ್ರಶ್ನೆ ಇತ್ಯರ್ಥವಾಗದೆ ಉಳಿದದ್ದು ವಿದ್ವಾಂಸರ ಪುಣ್ಯ.

ಐವತ್ತು ಸಾವಿರದ ವ್ಯಾಪ್ತಿಯಲ್ಲಿ ವಿಚಾರಕ್ಕೆ ಯೋಗ್ಯವಾದವು ಮೂರೇ. ಇಂಟೆಲ್ ಕೋರ್ ಐ3-12100ಎಫ್‌ಗೆ 4 ಕೋರ್, 8 ಥ್ರೆಡ್. ಎಎಂಡಿಯ ರೈಜೆನ್ 5 5500 ಮತ್ತು ರೈಜೆನ್ 5 5600ಕ್ಕೆ ತಲಾ 6 ಕೋರ್, 12 ಥ್ರೆಡ್. ಮೂರೂ 2022ರ ಸಂತಾನ. ಹೆಸರು ಕೇಳಿ 5500 ಮತ್ತು 5600 ಒಡಹುಟ್ಟಿದವೆಂದು ಭಾವಿಸುವ ಸಾಧಕರು ಬಹಳ, ಅಂಗಡಿಯವರೂ ‘ಎರಡೂ ಒಂದೇ ಬಾಸ್’ ಎಂದು ಆ ಭ್ರಮೆಯನ್ನು ಪೋಷಿಸುತ್ತಾರೆ. ವಸ್ತುತಃ ಕ್ಯಾಶ್‌ನಲ್ಲಿ, ಎಂದರೆ ಪದೇ ಪದೇ ಬೇಕಾಗುವ ಮಾಹಿತಿಯನ್ನು ಪ್ರೊಸೆಸರ್ ತನ್ನ ಪಕ್ಕದಲ್ಲೇ ಇಟ್ಟುಕೊಳ್ಳುವ ಸಣ್ಣ ವೇಗದ ಸ್ಮೃತಿಯಲ್ಲಿ, ಮೂರನೆಯ ಹಂತದ ಗಾತ್ರ 5600ರಲ್ಲಿ 32 ಎಂಬಿ, 5500ರಲ್ಲಿ 16. ಆಟಗಳು ಈ ಸ್ಮೃತಿಯನ್ನು ಬಹಳ ಬೇಡುತ್ತವೆ. ಇದಕ್ಕಿಂತ ಗೂಢವಾದ ಭೇದ ಇನ್ನೊಂದಿದೆ. ಗ್ರಾಫಿಕ್ಸ್ ಕಾರ್ಡಿನೊಡನೆ ಮಾತನಾಡುವ ಪಿಸಿಐ ಎಕ್ಸ್‌ಪ್ರೆಸ್ ಎಂಬ ದಾರಿಯು 5600ರಲ್ಲಿ ನಾಲ್ಕನೆಯ ಪೀಳಿಗೆಯದು, 5500ರಲ್ಲಿ ಮೂರನೆಯದು, ಅಂದರೆ ಅರ್ಧ ವೇಗದ್ದು. ದೊಡ್ಡ ಕಾರ್ಡುಗಳು ಹದಿನಾರು ಸಾಲುಗಳಲ್ಲಿ ಓಡಾಡುವುದರಿಂದ ಇದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಆದರೆ ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಬಡವರ ಕಾರ್ಡಿಗೆ ತಯಾರಕರು ನಾಲ್ಕೇ ಸಾಲು ಕೊಟ್ಟಿದ್ದಾರೆ. ಹೀಗೆ ಅಗ್ಗದ ಪ್ರೊಸೆಸರಿಗೆ ಅಗ್ಗದ ಕಾರ್ಡು ಕೂಡಿದಾಗಲೇ ಇಕ್ಕಟ್ಟು ಅತಿ ಹೆಚ್ಚಾಗುತ್ತದೆ. ಉಳಿತಾಯ ಮಾಡಿದವನೇ ಎರಡು ಸಲ ದಂಡ ತೆರುವ ಈ ವ್ಯವಸ್ಥೆಯನ್ನು ರೂಪಿಸಿದವರಿಗೆ ಅರ್ಥಶಾಸ್ತ್ರದಲ್ಲಿ ಪದವಿ ಇದ್ದಿರಬೇಕು.

ಪ್ರತ್ಯಯ ಪ್ರಕರಣ ಚಿಕ್ಕದು. ಇಂಟೆಲ್ ಹೆಸರಿನ ಕೊನೆಯ ಎಫ್ ಎಂಬುದು ಲೋಪಸೂಚಕ: ಒಳಗೆ ಚಿತ್ರ ತೋರಿಸುವ ಘಟಕ ಇಲ್ಲವೆಂದು ಅರ್ಥ. ರೈಜೆನ್‌ನ ಜಿ ಎಂಬುದು ಆಗಮಸೂಚಕ: ಅದು ಇದೆಯೆಂದು ಅರ್ಥ. ಎಫ್ ಪ್ರತ್ಯಯಾಂತವನ್ನು ಕೊಂಡು ಮಾನಿಟರಿನ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೆ ಬದಲು ಮದರ್‌ಬೋರ್ಡಿಗೆ ಚುಚ್ಚಿ, ‘ನೋ ಸಿಗ್ನಲ್’ ಎಂಬ ಆಕಾಶವಾಣಿಯನ್ನು ನೋಡಿ, ಇಡೀ ರಾತ್ರಿ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಅನ್ನು ಶಪಿಸುವುದು ಈ ಶಾಸ್ತ್ರದ ಉಪನಯನ.

ಇನ್ನು ಪ್ರಬಂಧದ ಮುಖ್ಯ ಪೂರ್ವಪಕ್ಷ. ಎಸ್.ಪಿ. ರಸ್ತೆಯ ಸಕಲ ಅಂಗಡಿಗಳಲ್ಲಿಯೂ ಶ್ರುತಿಯಂತೆ ಕೇಳಿಬರುವ ಸೂತ್ರವೊಂದಿದೆ: ‘ಇನ್ನೆರಡು ಸಾವಿರ ಹಾಕಿ ಬಾಸ್, ಸೂಪರ್ ಪೀಸ್ ಬರುತ್ತೆ.’ ಸೂತ್ರದ ಪ್ರತಿಯೊಂದು ಪ್ರಯೋಗವೂ ಬಿಡಿಯಾಗಿ ನೋಡಿದರೆ ಸಾಧುವಾಗಿಯೇ ಇರುವುದು ಇದರ ಅಪಾಯ. 5500ಕ್ಕೆ ಸ್ವಲ್ಪ ಸೇರಿಸಿದರೆ 5600 ಬರುವುದು ನಿಜ. 5600ಕ್ಕೆ ಇನ್ನಷ್ಟು ಸೇರಿಸಿದರೆ 2023ರ ರೈಜೆನ್ 5 7600 ಬರುವುದೂ ನಿಜ, ಆದರೆ ಅದು ಎಎಂ5 ಎಂಬ ಹೊಸ ಸಾಕೆಟ್ಟಿನದಾದ್ದರಿಂದ, ಸಾಕೆಟ್ ಎಂದರೆ ಮದರ್‌ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಪೀಠ, ಬೋರ್ಡೂ ಹೊಸದು ಬೇಕು, ರ‍್ಯಾಮ್ ಡಿಡಿಆರ್5 ಆಗಬೇಕು. ಇಷ್ಟಾದ ಮೇಲೆ 96 ಎಂಬಿ ಕ್ಯಾಶ್ ಇರುವ 7800ಎಕ್ಸ್3ಡಿ ಏಕೆ ಬೇಡವೆಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ, ಅದರ ಡಬ್ಬಿಯಲ್ಲಿ ಕೂಲರ್ ಇಲ್ಲದಿರುವುದರಿಂದ ಅದಕ್ಕೂ ಮತ್ತೆ ಹಣ. ಒಂದು ಕಾರಣಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಕೊನೆಯಿಲ್ಲದೆ ಸಾಗುವ ಇದನ್ನು ತಾರ್ಕಿಕರು ಅನವಸ್ಥಾ ದೋಷ ಎನ್ನುತ್ತಾರೆ. ಲೌಕಿಕರು ಇಎಂಐ ಎನ್ನುತ್ತಾರೆ.

‘ಎಎಂ5 ತೆಗೆದುಕೊಂಡರೆ ಮುಂದೆ ಪ್ರೊಸೆಸರ್ ಒಂದನ್ನೇ ಬದಲಾಯಿಸಬಹುದಲ್ಲ’ ಎಂಬ ಆಕ್ಷೇಪಕ್ಕೆ ತೂಕವಿದೆ, ಎಎಂಡಿ ತನ್ನ ಸಾಕೆಟ್ಟುಗಳನ್ನು ಬಹುಕಾಲ ಬಾಳಿಸಿದೆ ಎಂಬುದನ್ನು ಒಪ್ಪಬೇಕು. ಆದರೆ ಮುಂದೆ ಬರಲಿರುವ ಹಣವನ್ನು ನಂಬಿ ಇಂದಿನ ಗ್ರಾಫಿಕ್ಸ್ ಕಾರ್ಡನ್ನು ಕುಗ್ಗಿಸುವವನಿಗೆ ಸಿಗುವುದು ಎರಡು ವರ್ಷಗಳ ಮಂದ ಆಟ. 5500, 5600 ಕೂರುವ, ಡಿಡಿಆರ್4 ಉಪಯೋಗಿಸುವ ಹಳೆಯ ಎಎಂ4 ಬೋರ್ಡಾದರೆ ಅಣ್ಣನ ಹಳೆಯ ಕಂಪ್ಯೂಟರಿನ ರ‍್ಯಾಮ್ ಕೂಡ ಕೆಲಸಕ್ಕೆ ಬರಬಹುದು.

ಎಎಂ4ರಲ್ಲೂ ಒಂದು ಮುಳ್ಳಿದೆ. ಹಳೆಯ ಬಿ450 ಬೋರ್ಡು ಬಯಾಸ್ ಎಂಬ ಮೂಲ ತಂತ್ರಾಂಶ ಹೊಸದಾಗದ ಹೊರತು 5600 ಅನ್ನು ಗುರುತಿಸುವುದಿಲ್ಲ. ಬಯಾಸ್ ಹೊಸದಾಗಿಸಲು ಕಂಪ್ಯೂಟರ್ ಆನ್ ಆಗಬೇಕು, ಆನ್ ಆಗಲು ಪ್ರೊಸೆಸರನ್ನು ಬೋರ್ಡು ಗುರುತಿಸಬೇಕು. ಇದು ಅನ್ಯೋನ್ಯಾಶ್ರಯ ದೋಷದ ಶುದ್ಧ ಉದಾಹರಣೆಯಾಗಿದ್ದು, ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಈ ಬೋರ್ಡಿಗಾಗಿಯೇ ಹುಟ್ಟಿದಂತಿದೆ. ಪರಿಹಾರವೆಂದರೆ ಪ್ರೊಸೆಸರಿಲ್ಲದೆಯೇ ಪೆನ್‌ಡ್ರೈವಿನಿಂದ ಬಯಾಸ್ ತುಂಬುವ ಗುಂಡಿ ಇರುವ ಬೋರ್ಡನ್ನು ಆರಿಸುವುದು, ಇಲ್ಲವೇ ಅಂಗಡಿಯಲ್ಲೇ ಮಾಡಿಸಿಕೊಂಡು ಬರುವುದು.

ಪ್ರತಿಷ್ಠಾಪನಾ ವಿಧಿಯನ್ನೂ ಹೇಳದೆ ಬಿಡುವಂತಿಲ್ಲ. ಎಎಂ4 ಪ್ರೊಸೆಸರಿನ ಅಡಿಯಲ್ಲಿ 1331 ಪಿನ್ನುಗಳಿವೆ. ಸಾಕೆಟ್ಟಿನ ಪಕ್ಕದ ಸನ್ನೆಯನ್ನು ಮೇಲೆತ್ತಿ, ಪ್ರೊಸೆಸರಿನ ಮೂಲೆಯಲ್ಲಿರುವ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ಅದು ತನ್ನ ಭಾರಕ್ಕೆ ತಾನೇ ಕೂರುತ್ತದೆ, ಬೆರಳಿನಿಂದ ಒತ್ತುವವರು ಪಿನ್ ಬಗ್ಗಿಸುತ್ತಾರೆ. ಬಗ್ಗಿದ ಪಿನ್ನನ್ನು ಸೀಸ ತೆಗೆದ ಪೆನ್-ಪೆನ್ಸಿಲಿನ ತುದಿಯಲ್ಲಿ ತೂರಿಸಿ ನೇರ ಮಾಡುವ ಶಸ್ತ್ರಚಿಕಿತ್ಸೆ ಪ್ರಚಾರದಲ್ಲಿದೆ, ಮಾಡುವಾಗ ಮನೆಯವರು ಮಾತನಾಡಿಸದಿರುವುದು ಒಳ್ಳೆಯದು. ಇದಕ್ಕಿಂತ ಭೀಕರವಾದದ್ದು ವಿಸರ್ಜನೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಕಾಲಕ್ರಮದಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ, ಕೂಲರನ್ನು ನೇರವಾಗಿ ಎಳೆದರೆ ಸನ್ನೆ ಬಿಗಿಯಾಗಿದ್ದರೂ ಪ್ರೊಸೆಸರ್ ಪಿನ್ನುಗಳ ಸಮೇತ ಕಿತ್ತುಬರಬಹುದು. ಮೊದಲು ಒಂದಿಷ್ಟು ಹೊತ್ತು ಗೇಮ್ ಆಡಿ ಬಿಸಿ ಮಾಡಿ, ಕಂಪ್ಯೂಟರ್ ಆರಿಸಿ, ಕೂಲರನ್ನು ಅತ್ತಿತ್ತ ತಿರುಚಿ ಸಡಿಲಿಸಿ ಎತ್ತಬೇಕು. ಆಟವಾಡುವುದನ್ನು ಮನೆಯವರೆದುರೇ ದುರಸ್ತಿ ಎಂದು ಸಮರ್ಥಿಸಿಕೊಳ್ಳಬಹುದಾದ ಏಕೈಕ ಸಂದರ್ಭವಿದು. ಐ3-12100ಎಫ್ ಕೂರುವ ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ಟಿನಲ್ಲಿ ಪಿನ್ನುಗಳು ಬೋರ್ಡಿನ ಕಡೆ ಇರುವುದರಿಂದ ಪ್ರೊಸೆಸರ್ ಕ್ಷೇಮ, ಕೆಡುವುದು ಬೋರ್ಡು.

ನಿರ್ಣಯ. ಒಟ್ಟು ಹಣದಲ್ಲಿ ಐದನೇ ಒಂದು ಪಾಲನ್ನು ಮೀರದೆ ಪ್ರೊಸೆಸರಿಗೂ, ಮೂರನೇ ಒಂದಕ್ಕೆ ಕಡಿಮೆಯಿಲ್ಲದೆ ಗ್ರಾಫಿಕ್ಸ್ ಕಾರ್ಡಿಗೂ ಇಟ್ಟು, ಆ ಐದನೇ ಒಂದರೊಳಗೆ ಬರುವುದಾದರೆ ರೈಜೆನ್ 5 5600 ಕೊಳ್ಳತಕ್ಕದ್ದು, ಬಾರದಿದ್ದರೆ ಐ3-12100ಎಫ್. 5500 ಅನ್ನು ಹದಿನಾರು ಸಾಲಿನ ಕಾರ್ಡು ಈಗಾಗಲೇ ಕೈಯಲ್ಲಿರುವವರು ಮಾತ್ರ ಕೊಳ್ಳಬಹುದು. ಯಾವುದನ್ನೇ ಕೊಂಡರೂ ಡಬ್ಬಿಯಿಲ್ಲದೆ ಬಿಡಿಯಾಗಿ ಮಾರುವ ಟ್ರೇ ಪೀಸ್ ಬೇಡ, ಸೀಲ್ ಒಡೆಯದ ಬಾಕ್ಸ್ ಪೀಸನ್ನೇ ಕೇಳಿ, ಸೀರಿಯಲ್ ನಂಬರನ್ನು ಜಿಎಸ್‌ಟಿ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಬಾಕ್ಸ್ ಪೀಸಿಗೆ ಕಂಪನಿಯ ಮೂರು ವರ್ಷದ ವಾರಂಟಿ ಇರುತ್ತದೆ, ಟ್ರೇ ಪೀಸಿಗೆ ಇರುವುದು ಅಂಗಡಿಯವರ ಬಾಯಿಮಾತು.