ದುರಸ್ತ್ಯುತ್ತರ ಕ್ಲಚ್ ಮೀಮಾಂಸೆ: ಹಿಂದೂಪುರ ಮತ್ತು ಕಲ್ಯಾಣದುರ್ಗ ಪಂಥಗಳ ತೌಲನಿಕ ಅಧ್ಯಯನ

ಶಾಸ್ತ್ರಗ್ರಂಥ ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಪೂರ್ವಸೂರಿಗಳ ಕಟ್ಟಳೆ. ಇಲ್ಲಿ ವಿಷಯ: ಮನೆಯಂಗಳದಲ್ಲೇ ಬಿಚ್ಚಿ ಕಟ್ಟಿದ ಮಾರುತಿ 800ರ ಕ್ಲಚ್ಚು. ಪ್ರಯೋಜನ: ರಿವರ್ಸ್ ಗೇರ್ ಬೀಳುವುದು. ಸಂಬಂಧ: ಷಡ್ಡಕರದು. ಅಧಿಕಾರಿ: ಎಲ್ಲ ಜೋಡಿಸಿಯಾದ ಮೇಲೂ ತಟ್ಟೆಯಲ್ಲಿ ಒಂದು ಬೋಲ್ಟು ಉಳಿದಿದ್ದು, ಅದರಿಂದ ಎಳ್ಳಷ್ಟೂ ಧೈರ್ಯಗೆಡದ ಗೃಹಸ್ಥ.

ಪೆನುಕೊಂಡದ ಬಳಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ಕ್ಲಚ್ ಪೆಡಲ್ಲೇ ಇಲ್ಲದ ಮಾದರಿಗಳೂ ಅವುಗಳಲ್ಲಿವೆ. ಅಂಥ ಕಾರುಗಳಿಂದ ಶಾಸ್ತ್ರ ಬೆಳೆಯುವುದಿಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಮಾತ್ರ ಚರ್ಚೆಗೆ ಯೋಗ್ಯ, ಏಕೆಂದರೆ ಅದನ್ನು ಬಿಚ್ಚಬಲ್ಲೆನೆಂಬ ನಂಬಿಕೆ ಪ್ರತಿಯೊಬ್ಬ ಅಳಿಯನಲ್ಲೂ ಇದೆ.

ಬೆಲ್ಲ, ಹುಣಸೆಯ ವ್ಯಾಪಾರದ ಹಿಂದೂಪುರದ ಪಂಥಕ್ಕೆ ಹಿರಿಯ ಅಳಿಯ ಆಚಾರ್ಯರು. ಕಲ್ಯಾಣದುರ್ಗದ ಪಂಥಕ್ಕೆ ಕಿರಿಯ ಅಳಿಯ. ಎರಡೂ ಊರು ಬಹುಕಾಲ ಅನಂತಪುರ ಜಿಲ್ಲೆಯಲ್ಲೇ ಇದ್ದವು. 2022ರ ಏಪ್ರಿಲ್ 4ರಂದು ಶ್ರೀ ಸತ್ಯಸಾಯಿ ಜಿಲ್ಲೆ ಹುಟ್ಟಿ ಹಿಂದೂಪುರ ಅತ್ತ ಹೋಯಿತು, ಕಲ್ಯಾಣದುರ್ಗ ಇತ್ತ ಉಳಿಯಿತು. ಒಂದು ಸರ್ಕಾರಿ ಆದೇಶಕ್ಕೆ ಜಿಲ್ಲೆಯೇ ಬಿಟ್ಟುಕೊಂಡಿತು. ಎರಡೂ ಕಾಲಿನಿಂದ ಒತ್ತಿದರೂ ಈ ಕ್ಲಚ್ಚು ಬಿಟ್ಟುಕೊಳ್ಳಲಿಲ್ಲ.

ಮೊದಲು ತತ್ತ್ವ. ಪೆಡಲ್ ಒತ್ತಿದಾಗ ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ: ಇದು ದ್ವೈತ. ಪೂರ್ತಿ ಬಿಟ್ಟಾಗ ಎರಡೂ ಒಂದೇ: ಅದ್ವೈತ. ಹಾಫ್ ಕ್ಲಚ್ಚಿನಲ್ಲಿ ಬೇರೆಯಾಗಿಯೂ ಕೂಡಿಯೇ ಇರುತ್ತವೆ. ಅದನ್ನು ವಿಶಿಷ್ಟಾದ್ವೈತವೆನ್ನದೆ ವಿಧಿಯಿಲ್ಲ. ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟನ್ನು ಸ್ಪ್ರಿಂಗು ಅದುಮಿ ಹಿಡಿದಿರುತ್ತದೆ. ಪೆಡಲ್ ಒತ್ತಿದರೆ ರಿಲೀಸ್ ಬೇರಿಂಗು ಆ ಸ್ಪ್ರಿಂಗನ್ನು ತಳ್ಳಿ ಹಿಡಿತ ಸಡಿಲಿಸುತ್ತದೆ. ಈ ಸಡಿಲಿಕೆ ಆಗದಿದ್ದರೆ ಒಂದು ರೋಗ, ಹಿಡಿತವೇ ಸಾಲದಿದ್ದರೆ ಇನ್ನೊಂದು.

ಎರಡನೆಯ ರೋಗಕ್ಕೆ ಅರ್ಥಾಪತ್ತಿ ಪ್ರಮಾಣ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ಎಂಜಿನ್ ಅರಚುತ್ತಿದೆ, ಕಾರು ಏರು ಹತ್ತುತ್ತಿಲ್ಲವೆಂದರೆ ನಡುವೆ ಯಾರೋ ತಿನ್ನುತ್ತಿದ್ದಾರೆ. ಖಚಿತಪಡಿಸಿಕೊಳ್ಳಲು, ಮುಂದೆ ಯಾರೂ ಇಲ್ಲದ ಕಡೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮೂರನೆಯ ಗೇರಿನಲ್ಲಿ ಕ್ಲಚ್ ಬಿಡಬೇಕು. ಎಂಜಿನ್ ಆಫ್ ಆದರೆ ಕ್ಲಚ್ ಆರೋಗ್ಯವಾಗಿದೆ. ಆಫ್ ಆಗದೆ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆಂಬ ನ್ಯಾಯವನ್ನು ಪ್ರತ್ಯಕ್ಷ ಕಾಣುವ ಆಸೆಯಿಂದ ಇದನ್ನೇ ಮತ್ತೆ ಮತ್ತೆ ಮಾಡುವವರು ಹೊಸ ಪ್ಲೇಟಿನ ಕಾಸು ಎತ್ತಿಟ್ಟುಕೊಳ್ಳಲಿ.

ನಮ್ಮ ಪ್ರಕರಣ ಮೊದಲನೆಯ ರೋಗದ್ದು. ಗೇರ್ ಹಾಕಿದರೆ ಕರ್ರ್ ಎನ್ನುತ್ತದೆ. ಅದರಲ್ಲೂ ರಿವರ್ಸ್, ಸಾಮಾನ್ಯವಾಗಿ ಸಿಂಕ್ರೊಮೆಷ್ ಇಲ್ಲದ ಗೇರಾದ್ದರಿಂದ ಮೊದಲು ಕೂಗುತ್ತದೆ. ಇಲ್ಲಿ ಅನ್ವಯ-ವ್ಯತಿರೇಕ ಪ್ರಯೋಗ ಮಾಡಬೇಕು. ಎಂಜಿನ್ ಆಫ್ ಇದ್ದಾಗ ಗೇರ್ ಸಲೀಸಾಗಿ ಬಿದ್ದು, ಆನ್ ಇದ್ದಾಗ ಬೀಳದಿದ್ದರೆ ದೋಷ ಕ್ಲಚ್ಚಿನದು. ಎರಡರಲ್ಲೂ ಬೀಳದಿದ್ದರೆ ಗೇರ್ ಲಿವರಿನ ಕಡ್ಡಿಗಳನ್ನೋ ಗೇರ್‌ಬಾಕ್ಸನ್ನೋ ನೋಡಬೇಕು. ಕಿರಿಯ ಆಚಾರ್ಯರು ಈ ಸೂತ್ರವನ್ನೇ ವಾಹನವಾಗಿಸಿಕೊಂಡು, ಫಸ್ಟ್ ಗೇರಿಗೆ ಹಾಕಿಯೇ ಸ್ಟಾರ್ಟ್ ಮಾಡಿ, ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೊರಟರು. ಆ ದಾರಿಯಲ್ಲಿ ಆಂಧ್ರ ಬಿಟ್ಟು ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರ ಸೇರಬೇಕು. ಎರಡು ರಾಜ್ಯದ ಗಡಿ ಸಲೀಸಾಗಿ ದಾಟಿತು. ಫಸ್ಟಿನಿಂದ ಸೆಕೆಂಡಿಗೆ ದಾಟುವಾಗ ಮಾತ್ರ ದನಗಳೂ ತಿರುಗಿ ನೋಡಿದವು.

ಕಾರಣದ ಬಗ್ಗೆ ಭಿನ್ನಮತವಿದೆ. ಕಲ್ಯಾಣದುರ್ಗ ಪಂಥದ ಪ್ರಕಾರ ಕೇಬಲ್ ಸಡಿಲ. ಇದು ತೆಗೆದುಹಾಕುವ ಮಾತಲ್ಲ. ಲೇಪಾಕ್ಷಿಯ ತೂಗುಕಂಬದಡಿ ಪ್ರವಾಸಿಗರು ಬಟ್ಟೆ ತೂರಿಸಿ ಎಳೆಯುತ್ತಾರಲ್ಲ, ಪೆಡಲಿಗೂ ಅಂಥದೊಂದು ಸಂದು ಬೇಕು: ಮೊದಲ 15ರಿಂದ 25 ಮಿ.ಮೀ. ಸುಮ್ಮನೆ ಇಳಿಯಬೇಕು, ಸರಿಯಾದ ಅಳತೆ ಮಾದರಿಯಿಂದ ಮಾದರಿಗೆ ಬೇರೆ. ಸಂದು ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಸಂದೇ ಇಲ್ಲದಿದ್ದರೆ ಜಾರುತ್ತದೆ. ಅತ್ತೆಯವರದು ಇನ್ನೊಂದು ಮತ: "ಅಳಿಯಂದ್ರೇ, ಪೆಡಲ್ ಕೆಳಗೆ ಮ್ಯಾಟು ಮಡಚಿಕೊಂಡೈತೆ, ನೋಡ್ರಪ್ಪಾ." ಗ್ರಂಥಾಧಾರವಿಲ್ಲವೆಂದು ಇಬ್ಬರೂ ಆಚಾರ್ಯರು ಅದನ್ನು ತಳ್ಳಿಹಾಕಿದರು. ಆಮೇಲೆ ಮ್ಯಾಟು ತೆಗೆದಾಗ ಪೆಡಲ್ ಎರಡು ಬೆರಳು ಹೆಚ್ಚು ಇಳಿಯಿತು. ಕೇಬಲ್ಲೂ ಬಿಗಿಯಾಯಿತು. ರಿವರ್ಸ್ ಆದರೂ ಕೂಗಿತು.

ಹಾಗಾಗಿ ಒಳಗಿನ ಶಾಸನವನ್ನೇ ಓದಬೇಕಾಯಿತು. ಮಡಕಶಿರಾ ಸೀಮೆಯ ಹೇಮಾವತಿ, ಅಂದರೆ ನೊಳಂಬರ ರಾಜಧಾನಿ ಹೆಂಜೇರು, ಕನ್ನಡ ಶಾಸನಗಳ ನೆಲ; ಆ ಸುತ್ತಿನವರಿಗೆ ಅಕ್ಷರ ಕಂಡರೆ ಪಾಠ ನಿರ್ಣಯಿಸುವ ಚಟ ಸಹಜ. ಕ್ಲಚ್ ಪ್ಲೇಟಿನ ಒಂದು ಮುಖದಲ್ಲಿ 'ಫ್ಲೈವೀಲ್ ಸೈಡ್' ಎಂಬ ಏಕಪಂಕ್ತಿ ಶಾಸನ ಹಲವು ಕಡೆ ಸಿಗುತ್ತದೆ. ಕ್ಲಚ್ ಕಟ್ಟುವಾಗ ಹಿರಿಯ ಆಚಾರ್ಯರು ಮಾಡಿದ್ದ ವ್ಯಾಖ್ಯಾನ: ಬರಹ ಇರುವುದು ಓದುಗನಿಗಾಗಿ, ಬರಹವಿರುವ ಮುಖ ಫ್ಲೈವೀಲಿನ ಕಡೆ ತಿರುಗಿದರೆ ಓದುವವರಾರು? ಆದ್ದರಿಂದ ಅದು ಓದುಗನ ಕಡೆಗೇ ಇರತಕ್ಕದ್ದು. ತರ್ಕದಲ್ಲಿ ಒಂದು ಬಿರುಕೂ ಇಲ್ಲ. ಹಾಗೆಯೇ ಕೂರಿಸಿದ್ದರು. ಪ್ಲೇಟಿನ ನಡುವಿನ ಉಬ್ಬು ಹೋಗಿ ಫ್ಲೈವೀಲಿನ ಬೋಲ್ಟುಗಳಿಗೆ ತಾಗಿತು.

ಕಲ್ಯಾಣದುರ್ಗದ ಮೆಕ್ಯಾನಿಕ್ಕು ಒಂದು ಲೇಖನವನ್ನೂ ಪ್ರಕಟಿಸಿದವನಲ್ಲ. ಗೇರ್‌ಬಾಕ್ಸ್ ಇಳಿಸಿ, ಟಾರ್ಚು ಬಿಟ್ಟು, ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಹೇಳಿದ್ದು ಇಷ್ಟೇ: "ಪ್ಲೇಟು ತಿರಗೇಸಿನಾರನ್ನಾ." ತಿರುವಿ ಹಾಕಿದ್ದೀರಿ ಎಂಬುದಕ್ಕೆ ಅಡಿಟಿಪ್ಪಣಿ ಬೇಕಾಗಲಿಲ್ಲ. ಆಮೇಲೆ ಸ್ಪ್ಲೈನಿಗೆ ಧಾರಾಳವಾಗಿ ಮೆತ್ತಿದ್ದ ಗ್ರೀಸನ್ನು ಒರೆಸಿ ತೆಗೆದ. ಅಲ್ಲಿಗೆ ತೆಳ್ಳಗೆ ಸವರಿದರೆ ಸಾಕು. ಹೆಚ್ಚಾದದ್ದು ತಿರುಗುವಾಗ ಸಿಡಿದು ಲೈನಿಂಗಿಗೆ ಅಂಟಿ, ಕಾರು ಹೊರಡುವಾಗಲೆಲ್ಲ ನಡುಗುತ್ತದೆ.

ಸಿದ್ಧಾಂತ: ಬಿಚ್ಚುವ ಮೊದಲು ಇಲ್ಲದ ರೋಗ ಕಟ್ಟಿದ ಮೇಲೆ ಬಂದಿದ್ದರೆ, ಬಿಚ್ಚಿದವರ ಕೈ ತಾಗಿದ ಜಾಗಗಳನ್ನೇ ಮೊದಲು ಹುಡುಕತಕ್ಕದ್ದು. ಹಿಂದೂಪುರ ಪಂಥ ಇದನ್ನು ಇನ್ನೂ ಒಪ್ಪಿಲ್ಲ. ಶಾಸನದ ಪಾಠವೇ ಅಶುದ್ಧವೆಂದು ವಾದಿಸುತ್ತಿದೆ.

ಓದುಗರಲ್ಲಿ ಕೋರಿಕೆ: ಜಾಕ್ ಒಂದನ್ನೇ ನಂಬಿ ಕಾರಿನಡಿ ತಲೆ ಹಾಕಬೇಡಿ, ಗಟ್ಟಿ ಸ್ಟ್ಯಾಂಡ್ ಇಡಿ. ಹಳೆಯ ಪ್ಲೇಟಿನ ಪುಡಿಯನ್ನು ಬಾಯಿಂದ ಊದಬೇಡಿ. ಹಿಂದಿನ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ.